ಕಾಳ್ಗಿಚ್ಚಿನ ನಂತರ: ಮನೆ ಕಟ್ಟುವ ಮಾತು ಸ್ವಲ್ಪ ತಡೆಯಲಿ

ಪ್ರಶ್ನೆ: ಜಮೀನು, ಅಡುಗೆಮನೆ, ದುಡಿಮೆ ಎಲ್ಲವನ್ನೂ ಹಂಚಿಕೊಂಡು ಬಾಳುತ್ತಿದ್ದ ನಮ್ಮ ಸ್ನೇಹಿತರ ಸಮುದಾಯವೊಂದು ಕಾಳ್ಗಿಚ್ಚಿಗೆ ಸಿಕ್ಕಿ ಬಹುಪಾಲು ಸುಟ್ಟುಹೋಗಿದೆ. ಮಳೆಗಾಲಕ್ಕೆ ಮುಂಚೆ ಮನೆಗಳನ್ನು ಎಬ್ಬಿಸಿಕೊಡೋಣ ಎಂದು ಹಣ, ಬಟ್ಟೆಬರೆ ಕೂಡಿಸುತ್ತಿದ್ದೇವೆ. ದಾರಿ ಸರಿಯಿದೆಯೇ?

ಉತ್ತರ: ನಿಮ್ಮ ಕಾಳಜಿ ದೊಡ್ಡದು. ಆದರೆ ಮಳೆಗೆ ಮುಂಚೆ ಆಗಬೇಕಾದದ್ದು ಮನೆಯಲ್ಲ, ಇಳಿಜಾರಿನ ಕೆಲಸ. ತೀವ್ರವಾಗಿ ಸುಟ್ಟ ಮಣ್ಣಿನ ಮೇಲ್ಪದರ ಎಷ್ಟೋ ಕಡೆ ನೀರನ್ನು ಹೀರುವುದಿಲ್ಲ. ಗಿಡಗಳ ಎಣ್ಣೆ, ಮೇಣದಂಥ ಅಂಶಗಳು ಬೆಂಕಿಯಲ್ಲಿ ಆವಿಯಾಗಿ ಮಣ್ಣಿನೊಳಗೆ ಪದರ ಕಟ್ಟುವುದೇ ಕಾರಣ. ಬಿದ್ದ ನೀರು ಬೂದಿ, ಕಲ್ಲು, ಮರಗಳ ಸಮೇತ ಕೆಳಗೆ ನುಗ್ಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2017ರ ಡಿಸೆಂಬರ್‌ನಲ್ಲಿ ಹೊತ್ತಿದ ಥಾಮಸ್ ಬೆಂಕಿಯ ಬೆನ್ನಿಗೇ, 2018ರ ಜನವರಿ 9ರಂದು ಸುರಿದ ಮಳೆಗೆ ಮಾಂಟೆಸಿಟೊದಲ್ಲಿ ಕೆಸರು ನುಗ್ಗಿ 23 ಜನ ಸತ್ತರು. ಆದ್ದರಿಂದ ಇಳಿಜಾರಿಗೆ ಅಡ್ಡಲಾಗಿ, ಸಮಪಾತಳಿಯಲ್ಲಿ ದಿಮ್ಮಿಗಳನ್ನು ನೆಲಕ್ಕೆ ಕಚ್ಚುವಂತೆ ಕೂರಿಸಿ, ಬರಿ ಮಣ್ಣಿಗೆ ಒಣಹುಲ್ಲು ಹೊದಿಸಿ. ಕಡಿದಾದ ಗುಡ್ಡದ ಬುಡದಲ್ಲೋ ಹಳ್ಳದ ಬಾಯಲ್ಲೋ ಯಾರೂ ಮಲಗಬಾರದು. ಅಂಥ ಜಾಗದಲ್ಲಿ ದಿಮ್ಮಿ, ಹುಲ್ಲು ನೆಚ್ಚಿಕೊಳ್ಳುವಂಥವಲ್ಲ.

ಕುಡಿಯುವ ನೀರಿನ ಬಗ್ಗೆ ಇನ್ನಷ್ಟು ಎಚ್ಚರ ಬೇಕು. ಅದೇ ಕ್ಯಾಲಿಫೋರ್ನಿಯಾದಲ್ಲಿ 2017ರಲ್ಲಿ ಸಾಂಟಾ ರೋಸಾ, 2018ರಲ್ಲಿ ಪ್ಯಾರಡೈಸ್ ಪಟ್ಟಣಗಳಿಗೆ ಬೆಂಕಿ ನುಗ್ಗಿದಾಗ ನೀರಿನ ಪೈಪುಗಳಲ್ಲಿ ಕ್ಯಾನ್ಸರ್ ತರುವ ಬೆಂಜೀನ್ ಪತ್ತೆಯಾಯಿತು. ಒತ್ತಡ ಇಳಿದ ಪೈಪು ಹೊಗೆಯನ್ನು ಒಳಗೆ ಎಳೆದುಕೊಳ್ಳಬಹುದು, ಪ್ಲಾಸ್ಟಿಕ್ ಪೈಪು ತಾನೇ ಬೆಂದು ವಿಷ ಬಿಡಬಹುದು. ಇದು ಕುದಿಸಿದರೆ ಹೋಗುವ ಕಶ್ಮಲವಲ್ಲ. ಕುದಿಸಿದರೆ ಬೆಂಜೀನ್ ಉಸಿರಾಡುವ ಗಾಳಿಗೆ ಸೇರುತ್ತದೆ. ಪ್ರಯೋಗಾಲಯದ ವರದಿ ಬರುವವರೆಗೆ ಹೊರಗಿನ ನೀರನ್ನೇ ತರಿಸಿ. ನೀವು ಕೂಡಿಸಿದ ಹಣಕ್ಕೆ ಇದಕ್ಕಿಂತ ಒಳ್ಳೆಯ ಮೊದಲ ಖರ್ಚು ನನಗೆ ಕಾಣುವುದಿಲ್ಲ.

ಉತ್ಸಾಹದಿಂದ ಬಂದ ಸ್ವಯಂಸೇವಕರು ಬರಿಗೈಯಲ್ಲಿ ಬೂದಿ ಗೋರುವುದನ್ನು ದಯವಿಟ್ಟು ತಡೆಯಿರಿ. ಸುಟ್ಟ ಕಟ್ಟಡದ ಬೂದಿಯಲ್ಲಿ ಸೀಸ, ಆರ್ಸೆನಿಕ್, ಕೆಲವೊಮ್ಮೆ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ. ಎನ್‌95 ಮಾಸ್ಕ್, ಕೈಗವಸು ಬೇಕೇ ಬೇಕು. ಕಲ್ನಾರಿನ ಅನುಮಾನವಿದ್ದರೆ ತರಬೇತಾದವರೇ ಬರಲಿ. ಒಂದು ಇಟ್ಟಿಗೆ ಕದಲಿಸುವ ಮೊದಲೇ ಎಲ್ಲದರ ಫೋಟೊ ತೆಗೆಯಿರಿ, ವಿಮೆಗೆ ಬೇಕಾಗುತ್ತದೆ.

ಬಟ್ಟೆಬರೆ ಕೂಡಿಸುವುದನ್ನು ಇಲ್ಲಿಗೇ ನಿಲ್ಲಿಸಿ. ಎಲ್ಲ ಕಳೆದುಕೊಂಡವರು ಮೂಟೆ ಬಿಚ್ಚಿ ವಿಂಗಡಿಸುತ್ತ ಕೂರುವಂತಾಗಬಾರದು. ಹಣ ಕೊಡಿ, ಹೇಗೆ ಖರ್ಚಾಗಬೇಕೆಂದು ಅವರು ಹೇಳಲಿ.

ಇಂಥ ಸಮುದಾಯಕ್ಕೆ ಮಾತ್ರ ಬರುವ ಕಷ್ಟವೊಂದಿದೆ. ಎಲ್ಲರೂ ಒಪ್ಪಿದ ಮೇಲೇ ತೀರ್ಮಾನ ಎನ್ನುವ ಪದ್ಧತಿ, ನಿದ್ದೆಗೆಟ್ಟ ಜನರನ್ನು ಇನ್ನಷ್ಟು ಹಣ್ಣು ಮಾಡುತ್ತದೆ. ತುರ್ತು ಖರ್ಚು, ನೀರು, ವಸತಿಗಳನ್ನು ಕೆಲವು ತಿಂಗಳ ಮಟ್ಟಿಗೆ ಮೂರು ನಾಲ್ಕು ಜನರಿಗೆ ಒಪ್ಪಿಸುವಂತೆ ಹೇಳಿನೋಡಿ. ಅಡುಗೆಮನೆ ಮಾತ್ರ ಬಾಡಿಗೆ ಜಾಗದಲ್ಲಾದರೂ ಬೇಗ ಶುರುವಾಗಲಿ. ಅವರು ಒಟ್ಟಿಗೆ ಉಣ್ಣುವುದು ನಿಂತರೆ ಚದುರುವುದಕ್ಕೆ ತಡವಾಗದು ಎಂಬುದು ನನ್ನ ಭಯ.

ಕೆಲವರು ಮತ್ತೆ ಅಲ್ಲಿಗೆ ಹೋಗಲಾರೆ ಎನ್ನುತ್ತಾರೆ. ಅವರನ್ನು ಒತ್ತಾಯಿಸಬೇಡಿ, ಕೈಬಿಟ್ಟವರೆಂದು ಯಾರೂ ಆಡಿಕೊಳ್ಳದಂತೆ ನೋಡಿಕೊಳ್ಳಿ. ಜಮೀನು ಎಲ್ಲರ ಹೆಸರಿನದ್ದಾದರೆ ಹೊರಡುವವರಿಗೆ ಎಷ್ಟು ಪಾಲು, ಯಾವಾಗ ಕೊಡುವುದು ಎಂಬುದನ್ನು ವಕೀಲರನ್ನು ಕೂರಿಸಿಕೊಂಡು, ಹೊಸ ಮನೆಗಳಿಗೆ ಹಣ ತೊಡಗಿಸುವ ಮೊದಲೇ ಬರೆದು ಸಹಿ ಹಾಕಿಕೊಳ್ಳಲಿ.