ಅಮ್ಮನ ಕಣ್ಣಿನ ಇಂಜೆಕ್ಷನ್‌ಗೆ ಕ್ಲೈಮ್ ಸಿಗಲಿಲ್ಲ

ಪ್ರಶ್ನೆ: ಅಮ್ಮನಿಗೆ 71 ವರ್ಷ. ಎಡಗಣ್ಣಲ್ಲಿ ವೆಟ್ ಎಎಂಡಿ, ಅಂದರೆ ವಯಸ್ಸಾದಾಗ ರೆಟಿನಾದ ನಡುಭಾಗದಲ್ಲಿ ರಕ್ತನಾಳ ಸೋರುವ ಕಾಯಿಲೆ. ಡಾಕ್ಟರು ಅವಾಸ್ಟಿನ್ ಇಂಜೆಕ್ಷನ್ ಕೊಟ್ಟರು. ‘ಇದು ಕ್ಯಾನ್ಸರ್ ಔಷಧಿ, ಕಣ್ಣಿಗೆ ಆಫ್-ಲೇಬಲ್ (ಅನುಮತಿ ಪಡೆದ ಕಾಯಿಲೆ ಬಿಟ್ಟು ಬೇರೆಯದಕ್ಕೆ ಬಳಸುವುದು), ರುಜುವಾತಾಗದ ಚಿಕಿತ್ಸೆ’ ಎಂದು ವಿಮಾ ಕಂಪನಿ ಕ್ಲೈಮ್ ತಳ್ಳಿಹಾಕಿದೆ. ತಪ್ಪು ಔಷಧಿ ಕೊಟ್ಟರೇನೋ ಅಂತ ಅಮ್ಮನಿಗೆ ಭಯ. ಏನು ಮಾಡಲಿ ಮೇಡಂ?
– ಓದುಗರು, ಶಿವಮೊಗ್ಗ

ಉತ್ತರ: ಮೊದಲು ಅಮ್ಮನಿಗೆ ಧೈರ್ಯ ಹೇಳಿ. ಅವಾಸ್ಟಿನ್‌ಗೆ 2004ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು ಕರುಳಿನ ಕ್ಯಾನ್ಸರ್‌ಗೆ, ನಿಜ. ಆದರೆ ಸೋರುವ ರಕ್ತನಾಳ ಬೆಳೆಯದಂತೆ ತಡೆಯುವ ಗುಣ ಕಣ್ಣಿಗೂ ಬೇಕಾದದ್ದೇ. ಕಣ್ಣಿಗೆ ಕೊಡುವುದು 1.25 ಮಿಲಿಗ್ರಾಂ ಅಷ್ಟೇ. ಎಎಂಡಿಗೆಂದೇ ಅನುಮತಿ ಪಡೆದ ದುಬಾರಿ ಔಷಧಿಯ ಜೊತೆ ಹೋಲಿಸಿದ ಅಮೆರಿಕದ ದೊಡ್ಡ ಅಧ್ಯಯನ 2011ರಲ್ಲಿ ಬಂತು. ದೃಷ್ಟಿಯ ಮಟ್ಟಿಗೆ ಎರಡೂ ಸಮ ಎಂದು ಕಂಡಿತು. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕಣ್ಣಿನ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಕ್ಲೈಮ್ ವಿಭಾಗದಲ್ಲಿ ವರ್ಷಗಟ್ಟಲೆ ಕೂತು ಕೆಲಸ ಮಾಡಿದವಳು ನಾನು. ಹೇಳುತ್ತೇನೆ ಕೇಳಿ: ಆಫ್-ಲೇಬಲ್ ಆದ ಮಾತ್ರಕ್ಕೆ ರುಜುವಾತಾಗದ ಚಿಕಿತ್ಸೆ ಆಗುವುದಿಲ್ಲ. ಪಾಲಿಸಿಯ ಹೊರಗಿಡುವ ಪಟ್ಟಿಯಲ್ಲಿ 16ನೇ ಕೋಡ್ ಓದಿ. ಪರಿಣಾಮಕ್ಕೆ ಸಾಕಷ್ಟು ವೈದ್ಯಕೀಯ ದಾಖಲೆ ಇಲ್ಲದ ಚಿಕಿತ್ಸೆಗೆ ಮಾತ್ರ ಅದು ಅನ್ವಯ. ಇಲ್ಲಿ ದಾಖಲೆ ಬೇಕಾದಷ್ಟಿದೆ, ಅಲ್ವಾ? ಜೊತೆಗೆ ವಿಮಾ ಕಂಪನಿಗಳ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 2019ರಲ್ಲಿ 12 ಆಧುನಿಕ ಚಿಕಿತ್ಸೆಗಳನ್ನು ಹೆಸರಿಸಿ, ಇವನ್ನು ಹೊರಗಿಡಬೇಡಿ ಎಂದಿತು. ಕಣ್ಣಿನೊಳಗೆ ಕೊಡುವ ಇಂಜೆಕ್ಷನ್ ಅದರಲ್ಲಿದೆ. ಆದರೆ ಕಂಪನಿ ಮೊತ್ತಕ್ಕೆ ಮಿತಿ ಹಾಕಬಹುದು. ಹಾಗಾಗಿ ಪೂರ್ತಿ ಹಣದ ಮೇಲೆ ಆಸೆ ಇಡಬೇಡಿ.

ಡಾಕ್ಟರ ಹತ್ತಿರ ಒಂದು ಪತ್ರ ಬರೆಸಿಕೊಳ್ಳಿ. ಕಾಯಿಲೆ ಏನು, ಈ ಔಷಧಿಯೇ ಯಾಕೆ, ಆಧಾರ ಯಾವುದು, ಮೂರೂ ಅದರಲ್ಲಿರಲಿ. ರೆಟಿನಾದ ಪದರಗಳನ್ನು ತೋರಿಸುವ ಓಸಿಟಿ ಸ್ಕ್ಯಾನ್ ಸೇರಿಸಿ ಕಂಪನಿಯ ದೂರು ವಿಭಾಗಕ್ಕೆ ಕಳಿಸಿ. ಯಾವ ಷರತ್ತಿನ ಪ್ರಕಾರ ತಿರಸ್ಕರಿಸಿದ್ದೀರಿ ಅಂತ ಬರಹದಲ್ಲೇ ಕೇಳಿ. ಫೋನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ಒಂದು ತಿಂಗಳಾದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ, ಅಂದರೆ ವಿಮೆಯ ದೂರುಗಳನ್ನು ವಿಚಾರಿಸುವ ಅಧಿಕಾರಿಗೆ, ದೂರು ಕೊಡಿ. ಕಂಪನಿಯ ಕೊನೆಯ ಉತ್ತರ ಬಂದು ಒಂದು ವರ್ಷದೊಳಗೆ ಕೊಡಬೇಕು. ಶುಲ್ಕ ಇಲ್ಲ, ವಕೀಲರೂ ಬೇಡ.

ಕ್ಲೈಮ್ ತೀರ್ಮಾನವಾಗಲಿ ಅಂತ ಮುಂದಿನ ಇಂಜೆಕ್ಷನ್ ಮಾತ್ರ ದಯವಿಟ್ಟು ಮುಂದೂಡಬೇಡಿ. ಈ ಕಾಯಿಲೆಯಲ್ಲಿ ತಡವಾದರೆ ಹೋದ ದೃಷ್ಟಿ ವಾಪಸ್ ಬರುವುದು ಕಷ್ಟ. ಪ್ರತಿ ಬಿಲ್ಲಿನಲ್ಲೂ ಔಷಧಿಯ ಹೆಸರು, ಡೋಸ್, ಯಾವ ಕಣ್ಣು ಎಂಬುದನ್ನು ಬರೆಸಿ ಇಟ್ಟುಕೊಳ್ಳಿ.