ಅಂಗಡಿಯಲ್ಲಿ ಸಿಗುವ ಫ್ಲೈಯನ್ನು ಜನ ಮನೆಯಲ್ಲಿ ಕೂತು ಯಾಕೆ ಕಟ್ಟುತ್ತಾರೆ?

ನೀವು ಕೇಳಿದ್ದು ಇಷ್ಟು: ಫ್ಲೈ ಫಿಶಿಂಗ್, ಅಂದರೆ ಫ್ಲೈ ಎಂಬ ಸುಳ್ಳು ಹುಳ ತೋರಿಸಿ ಮೀನು ಹಿಡಿಯೋದನ್ನು, ಈಗಷ್ಟೇ ಶುರು ಮಾಡಿದ್ದೀರಿ, ಫ್ಲೈಗಳು ಅಂಗಡಿಯಲ್ಲೇ ಸಿಗುತ್ತವೆ, ಆದರೂ ಹಳಬರೆಲ್ಲ ಗಂಟೆಗಟ್ಟಲೆ ಕೂತು ಕೈಯಲ್ಲೇ ಕಟ್ಟುತ್ತಾರೆ. ಒಬ್ಬರೇ ಮಾಡುವ ಈ ಕೆಲಸದಲ್ಲಿ ಬೇಜಾರಾಗಲ್ವಾ, ಕಲಿಯೋಕೆ ವಿಡಿಯೋ ಸಾಕಾ ಅಂತ.

ಮೊದಲು ಒಂದು ವಿಷಯ. ಕಟ್ಟಿದರೆ ದುಡ್ಡು ಉಳಿಯುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಒಂದು ಬಣ್ಣದ ಗರಿ ತಂದರೆ ಇನ್ನೊಂದು ಬಣ್ಣ ಬೇಕೆನಿಸುತ್ತದೆ. ಈ ಖರ್ಚಿಗೆ ಕೊನೆಯಿಲ್ಲ. ನಾನು ಕಟ್ಟುವುದಕ್ಕೆ ಕಾರಣ ಬೇರೆ.

ಫ್ಲೈ ಅಂದರೆ ಗಾಳದ ಮೇಲೆ ದಾರ, ಗರಿ, ತುಪ್ಪಳ ಸುತ್ತಿ ಮಾಡಿದ ಸುಳ್ಳು ಹುಳ. ಯಾವ ಹುಳ, ಅದರ ಯಾವ ಹಂತ ಅನ್ನೋದರಲ್ಲೇ ಎಲ್ಲ ಇದೆ. ಮೇಫ್ಲೈ ಎಂಬ ನಿಜವಾದ ಹುಳ ತನ್ನ ಬದುಕಿನ ಬಹುಪಾಲನ್ನು ನೀರಿನ ತಳದಲ್ಲಿ ಮರಿಹುಳವಾಗಿ ಕಳೆಯುತ್ತದೆ. ರೆಕ್ಕೆ ಬಂದ ಮೇಲೆ ಒಂದೆರಡು ದಿನ ಬದುಕಿದರೆ ಹೆಚ್ಚು. ಟ್ರೌಟ್ ಮೀನು ತಳದ ಮರಿಹುಳವನ್ನೇ ತಿನ್ನುತ್ತಿರುವಾಗ ಮೇಲೆ ತೇಲುವ ಫ್ಲೈ ಬಿಟ್ಟರೆ ತಿರುಗಿಯೂ ನೋಡುವುದಿಲ್ಲ. ಹಾಗಾಗಿ ಕಟ್ಟುವವರು ಒಂದೊಂದು ಗರಿಗೂ ಕಾರಣ ಹುಡುಕಬೇಕಾಗುತ್ತದೆ. ತೇಲಬೇಕೆಂದರೆ ಹುಂಜದ ಕತ್ತಿನ ಬಿರುಸು ಗರಿ. ಮುಳುಗಿ ನೀರಲ್ಲಿ ಅಲುಗಾಡಬೇಕೆಂದರೆ ಹೇಂಟೆಯ ಮೆತ್ತನೆ ಗರಿ. ಬಾತುಕೋಳಿಯ ಎಣ್ಣೆಗ್ರಂಥಿಯ ಸುತ್ತ ಬೆಳೆಯುವ ಪುಟ್ಟ ಗರಿಗೆ ಸಿಡಿಸಿ ಅನ್ನುತ್ತಾರೆ. ಅದರ ಎಳೆಗಳ ನಡುವೆ ಗಾಳಿ ನಿಲ್ಲುವುದರಿಂದ ತಾನಾಗಿಯೇ ತೇಲುತ್ತದೆ.

ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಫ್ರಾಂಕ್ ಸಾಯರ್ ಅವರ ಫೆಸೆಂಟ್ ಟೇಲ್ ಎಂಬ ಫ್ಲೈ. ಇಂಗ್ಲೆಂಡಿನ ಏವನ್ ನದಿಯನ್ನು ನೋಡಿಕೊಳ್ಳುವುದೇ ಅವರ ಕೆಲಸವಾಗಿತ್ತು. ದಿನವಿಡೀ ನೀರಿನ ಹತ್ತಿರವೇ ಇರುತ್ತಿದ್ದ ಅವರು ಮರಿಹುಳ ಈಜುವಾಗ ಕಾಲನ್ನು ಮೈಗೆ ಒತ್ತಿಕೊಳ್ಳುವುದನ್ನು ಗಮನಿಸಿದರು. ಸರಿ, ಫ್ಲೈಗೆ ಕಾಲೇ ಬೇಡ ಅಂದರು. ದಾರವನ್ನೂ ಬಿಟ್ಟರು. ಫೆಸೆಂಟ್ ಹಕ್ಕಿಯ ಬಾಲದ ಎಳೆಗಳು, ತೆಳ್ಳನೆ ತಾಮ್ರದ ತಂತಿ, ಅಷ್ಟೇ. ಆ ತಂತಿಯೇ ಕಟ್ಟುತ್ತದೆ, ತೂಕ ಕೊಡುತ್ತದೆ, ಎಳೆಗಳ ಸಂದಿಯಲ್ಲಿ ಮಿನುಗುತ್ತದೆ. ಏನು ಸೇರಿಸಲಿ ಅಂತ ಯೋಚಿಸುತ್ತಿದ್ದ ನನಗೆ ಏನು ಬಿಡಲಿ ಅಂತ ಯೋಚಿಸೋದನ್ನು ಕಲಿಸಿದ್ದು ಈ ಫ್ಲೈ.

ಇನ್ನು ಒಬ್ಬರೇ ಮಾಡುವ ಕೆಲಸ ಅನ್ನೋ ಮಾತು. ಹಿಂದೆ ಕೆಲವರು ಹಾಗೆಯೇ ಇಟ್ಟುಕೊಂಡಿದ್ದರು. 1920ರ ದಶಕದಲ್ಲಿ ಅಮೆರಿಕದ ಕ್ಯಾಟ್‌ಸ್ಕಿಲ್ ಬೆಟ್ಟಗಳ ಕಡೆ ರೂಬ್ ಕ್ರಾಸ್ ಎಂಬ ಹೆಸರಾಂತ ಕಟ್ಟುಗಾರ ಇದ್ದರು. ವಾಲ್ಟ್ ಡೆಟ್ ಎಂಬ ಯುವಕ ಕಲಿಸಿ ಅಂತ ಕೇಳಿದಾಗ ಆಗಲ್ಲ ಅಂದುಬಿಟ್ಟರು. ಡೆಟ್ ಸುಮ್ಮನಾಗಲಿಲ್ಲ. ಕ್ರಾಸ್ ಕಟ್ಟಿದ ಫ್ಲೈಗಳನ್ನೇ ಕೊಂಡು, ಒಂದೊಂದೇ ಸುತ್ತು ಬಿಡಿಸಿ, ಹೇಗೆ ಕಟ್ಟಿದ್ದಾರೆ ಅಂತ ತಿಳಿದುಕೊಂಡರು. ಅವರೂ ಹೆಂಡತಿ ವಿನ್ನಿಯೂ ಮುಂದೆ ಅದೇ ಕಡೆಯ ದೊಡ್ಡ ಹೆಸರಾದರು. ಈ ಬಿಡಿಸಿ ನೋಡುವ ಪಾಠ ಇವತ್ತಿಗೂ ನಡೆಯುತ್ತೆ, ನೀವೂ ಮಾಡಿ. ನೀವು ಕೊಂಡ ಫ್ಲೈಗಳಲ್ಲಿ ಹಳತಾದದ್ದೊಂದನ್ನು ಬ್ಲೇಡಿನಿಂದ ಮೆಲ್ಲಗೆ ಬಿಡಿಸಿ ನೋಡಿ.

ಈಗ ಕಾಲ ಪೂರಾ ತಿರುಗಿದೆ. ಕಟ್ಟುವವರು ಮೇಜಿನ ಸುತ್ತ ಕೂತರೆ ಯಾರೂ ಏನನ್ನೂ ಮುಚ್ಚಿಡುವುದಿಲ್ಲ. ಮುಚ್ಚಿಡೋದಿರಲಿ, ನಿಮಗೆ ಬೇಡವೆಂದರೂ ಹೇಳಿಕೊಡುತ್ತಾರೆ! ಕೈ ಕೆಲಸದಲ್ಲಿರುವುದರಿಂದ ಮಾತು ಸಲೀಸಾಗಿ ಬರುತ್ತದೆ, ಸುಮ್ನೆ ಕೂತರೂ ಯಾರಿಗೂ ಮುಜುಗರ ಆಗುವುದಿಲ್ಲ. ಹೊಸಬರ ಜೊತೆ ಬೆರೆಯಲು ಹಿಂಜರಿಯುವವರಿಗೆ ಇದಕ್ಕಿಂತ ಒಳ್ಳೆ ಕೂಟ ನಾನು ಕಂಡಿಲ್ಲ. ಅಮೆರಿಕದಲ್ಲಿ ಗಾಯಗೊಂಡ ಸೈನಿಕರಿಗಾಗಿ 2005ರಲ್ಲಿ ಶುರುವಾದ ಪ್ರಾಜೆಕ್ಟ್ ಹೀಲಿಂಗ್ ವಾಟರ್ಸ್ ಎಂಬ ಸಂಸ್ಥೆ ಮೀನು ಹಿಡಿಯೋದರ ಜೊತೆಗೆ ಫ್ಲೈ ಕಟ್ಟೋದನ್ನೂ ಕಲಿಸುತ್ತದೆ. ನದಿಗೆ ಹೋಗಲಾಗದ ದಿನಗಳಲ್ಲೂ ಮೇಜಿನ ಮುಂದೆ ಜೊತೆಯಾಗಿ ಕೂರಬಹುದಲ್ಲ.

ಮೀನು ಹಿಡಿಯದೆಯೂ ಇದರಲ್ಲೇ ಬದುಕಿದವರಿದ್ದಾರೆ. ಸ್ಕಾಟ್ಲೆಂಡಿನ ಮೇಗನ್ ಬಾಯ್ಡ್ ಸಾಲ್ಮನ್ ಮೀನಿಗೆ ಹಾಕುವ ಫ್ಲೈ ಕಟ್ಟುವುದರಲ್ಲಿ ಎತ್ತಿದ ಕೈ, ಆದರೆ ಗಾಳ ಹಾಕಿದವರಲ್ಲ. 1971ರಲ್ಲಿ ಬ್ರಿಟಿಷ್ ಎಂಪೈರ್ ಮೆಡಲ್ ಬಂದಾಗ, ನಾಯಿ ನೋಡಿಕೊಳ್ಳೋಕೆ ಯಾರೂ ಇಲ್ಲ ಅಂತ ಅದನ್ನು ತೆಗೆದುಕೊಳ್ಳಲು ಅರಮನೆಗೆ ಹೋಗಲಿಲ್ಲವಂತೆ.

ಆದರೆ ಈ ಹುಚ್ಚು ಅತಿಯಾದರೆ ಕೆಟ್ಟದ್ದು. ವಿಕ್ಟೋರಿಯಾ ರಾಣಿಯ ಕಾಲದ ಸಾಲ್ಮನ್ ಫ್ಲೈಗಳಿಗೆ ದೂರದೂರದ ಕಾಡುಹಕ್ಕಿಗಳ ಗರಿ ಬಳಸುತ್ತಿದ್ದರು. ಈಗಲೂ ಅದೇ ಗರಿ ಬೇಕು ಅನ್ನೋ ಹಟಕ್ಕೆ ಬಿದ್ದ ಯುವಕನೊಬ್ಬ 2009ರಲ್ಲಿ ಇಂಗ್ಲೆಂಡಿನ ಟ್ರಿಂಗ್ ವಸ್ತುಸಂಗ್ರಹಾಲಯಕ್ಕೆ ನುಗ್ಗಿ 299 ಹಕ್ಕಿಗಳ ಚರ್ಮ ಕದ್ದ. ಸಂಶೋಧನೆಗೆಂದು ಶತಮಾನದಿಂದ ಕಾಪಾಡಿಟ್ಟಿದ್ದವೂ ಅದರಲ್ಲಿದ್ದವು. ಮೀನಿಗೆ ಅದ್ಯಾವುದೂ ಬೇಕಿಲ್ಲ. ಸಾಕಿದ ಕೋಳಿ, ಟರ್ಕಿ, ಬಾತುಗಳ ಗರಿಗೆ ಬಣ್ಣ ಹಾಕಿದರೆ ಧಾರಾಳ ಸಾಕು. ಎಲ್ಲಿಂದ ಬಂತು ಅಂತ ಹೇಳಲಾಗದ ಗರಿಯನ್ನು ಯಾರೇ ಕೊಟ್ಟರೂ ತೆಗೆದುಕೊಳ್ಳಬೇಡಿ.

ವಿಡಿಯೋ ಸಾಕಾ? ಕ್ರಮ ಕಲಿಯೋಕೆ ಸಾಕು. ದಾರವನ್ನು ಎಷ್ಟು ಬಿಗಿಯಾಗಿ ಎಳೆಯಬೇಕು ಅನ್ನೋದು ಮಾತ್ರ ವಿಡಿಯೋದಲ್ಲಿ ಕಾಣುವುದಿಲ್ಲ. ಸಡಿಲವಾದರೆ ಗರಿ ತಿರುಗುತ್ತೆ, ಜಾಸ್ತಿಯಾದರೆ ದಾರ ಕಡಿಯುತ್ತೆ. ಪಕ್ಕದಲ್ಲಿ ಗೊತ್ತಿರುವವರು ಕೂತಿದ್ದರೆ ನಿಮ್ಮ ದಾರವನ್ನು ಒಮ್ಮೆ ಬೆರಳಿಂದ ಮುಟ್ಟಿ ಹೇಳಿಬಿಡುತ್ತಾರೆ.

ಮೊದಲಿಗೆ ಗಾಳವನ್ನು ಅಲುಗಾಡದಂತೆ ಹಿಡಿಯುವ ವೈಸ್, ಹರಿತವಾದ ಪುಟ್ಟ ಕತ್ತರಿ, ದಾರಕ್ಕೊಂದು ಬಾಬಿನ್ ಹಿಡಿ ಇದ್ದರೆ ನಡೆಯುತ್ತೆ. ವೂಲಿ ಬಗ್ಗರ್ ಎಂಬ ಫ್ಲೈಯಿಂದ ಶುರು ಮಾಡಿ. ಬಾಲಕ್ಕೆ ಮೆತ್ತನೆ ಮರಾಬು ಗರಿ, ಮೈಗೆ ಶೆನೀಲ್ ನೂಲು, ಅದರ ಮೇಲೆ ಉದ್ದಕ್ಕೂ ಸುತ್ತಿದ ಹುಂಜದ ಗರಿ. ದೊಡ್ಡ ಗಾಳ ತೆಗೆದುಕೊಳ್ಳಿ. ಸಾಮಾನ್ಯ ಟ್ರೌಟ್ ಗಾಳಗಳಲ್ಲಿ ನಂಬರ್ ಹೆಚ್ಚಿದಷ್ಟೂ ಗಾಳ ಚಿಕ್ಕದು, 8 ಅಥವಾ 10 ಇರಲಿ. ಗಾಳದ ಕಣ್ಣಿನ ಹಿಂದೆ ಸ್ವಲ್ಪ ಜಾಗ ಬಿಡಿ, ಇಲ್ಲದಿದ್ದರೆ ಕೊನೆಯ ಗಂಟಿಗೆ ಜಾಗವೇ ಇರುವುದಿಲ್ಲ. ಒಂದರ ಹಾಗೆ ಇನ್ನೊಂದು ಬರುವವರೆಗೆ ಅದನ್ನೇ ಕಟ್ಟಿ.

ಆಮೇಲೆ ಫ್ಲೈ ಸ್ವಾಪ್‌ಗೆ ಸೇರಿಕೊಳ್ಳಿ. ಹನ್ನೆರಡು ಜನ ಸೇರಿದರೆ ಪ್ರತಿಯೊಬ್ಬರೂ ಒಂದೇ ಬಗೆಯ ಹನ್ನೆರಡು ಫ್ಲೈ ಕಟ್ಟಿ ಒಬ್ಬರಿಗೆ ಕಳಿಸುತ್ತಾರೆ. ಅವರು ಹಂಚಿದಾಗ ಎಲ್ಲರ ಕೈಗೂ ಹನ್ನೆರಡು ಬಗೆ ಬರುತ್ತದೆ. ಬಂದದ್ದರಲ್ಲಿ ನಿಮಗಿಂತ ಚೆನ್ನಾಗಿ ಕಟ್ಟಿದವರಿಗೆ ಬರೆದು ಕೇಳಿ, ಹೇಗೆ ಮಾಡಿದಿರಿ ಅಂತ. ಉತ್ತರ ಉದ್ದವಾಗಿಯೇ ಬರುತ್ತೆ. ಕಳಿಸುವಾಗ ಒಂದೊಂದು ಫ್ಲೈಗೂ ಅದರ ಹೆಸರು, ಗಾಳದ ನಂಬರ್ ಬರೆದ ಚೀಟಿ ಸಿಕ್ಕಿಸಿ. ಗಾಳದ ಮೊನೆಯನ್ನು ಫೋಮ್ ತುಂಡಿಗೆ ಚುಚ್ಚಿಡಿ, ಡಬ್ಬಿ ತೆರೆಯುವವರ ಬೆರಳಿಗೆ ಚುಚ್ಚಬಾರದು ಅಲ್ವಾ?