ಓಟಕ್ಕೆ ದುಡ್ಡೋ, ಸದ್ದಿಗೆ ದುಡ್ಡೋ?

ಪ್ರಶ್ನೆ: ದಾವಣಗೆರೆ ಸ್ಟೇಷನ್ ಪಕ್ಕದಲ್ಲೇ ಡೀಸೆಲ್ ಇಂಜಿನ್ ಸದ್ದು ಕೇಳುತ್ತಾ ಬೆಳೆದವನು ನಾನು. ಈಗ ಕರೆಂಟ್ ಇಂಜಿನ್‌ಗಳೇ ಜಾಸ್ತಿ. ಅದಕ್ಕೇ ಎಚ್‌ಒ ಅಳತೆಯ (ನಿಜವಾದದ್ದರ 87ನೇ ಒಂದು ಭಾಗದಷ್ಟು) ಒಂದು ಮಾಡೆಲ್ ಡೀಸೆಲ್ ಇಂಜಿನ್ ಕೊಳ್ಳೋಣ ಅಂತ. ಸದ್ದು ಮಾಡುವ ಇಂಜಿನ್‌ಗೆ ಹೆಚ್ಚುಕಮ್ಮಿ ಎರಡು ಪಟ್ಟು ಬೆಲೆ ಹೇಳುತ್ತಿದ್ದಾರೆ. ಅಷ್ಟು ಕೊಡಬಹುದಾ?
– ಒಬ್ಬ ಓದುಗ, ದಾವಣಗೆರೆ

ಉತ್ತರ: ಕೊಡಬಹುದು, ಆದರೆ ಮೊದಲನೇ ಇಂಜಿನ್‌ಗೇ ಬೇಡ. ಸದ್ದನ್ನು ಆಮೇಲೆ ಹಾಕಿಸಬಹುದು, ಡಿಕೋಡರ್ ಅಂದರೆ ಹಳಿಯಿಂದ ಬರುವ ಆಜ್ಞೆ ಓದಿ ಇಂಜಿನ್ ನಡೆಸುವ ಪುಟ್ಟ ಸರ್ಕ್ಯೂಟ್, ಅದನ್ನು ಸಿಕ್ಕಿಸುವ ಸಾಕೆಟ್ ಇದ್ದರೆ ಸಾಕು. ಗೇರು ಕಳಪೆಯಾಗಿದ್ದರೆ ಏನು ಮಾಡ್ತೀರಿ?

ಅಂಗಡಿಯಲ್ಲಿ ಜೋರಾಗಿ ಓಡಿಸಿ ತೋರಿಸುತ್ತಾರೆ, ಅದಕ್ಕೆ ಮರುಳಾಗಬೇಡಿ. ಇರುವೆ ನಡಿಗೆಯಲ್ಲಿ ಓಡಿಸಿ ಅನ್ನಿ. ಒಳ್ಳೆಯದು ಜರ್ಕ್ ಹೊಡೆಯದೆ ತೆವಳುತ್ತದೆ, ಯಾಕೆಂದರೆ ಒಳಗೆ ವೇಗ ಏರುಪೇರಾಗದಂತೆ ತಿರುಗುವ ಭಾರದ ಚಕ್ರ, ಫ್ಲೈವೀಲ್, ಇರುತ್ತದೆ, ಇಂಜಿನ್ ಅಡಿಯ ಹಿಂದಿನ ಮುಂದಿನ ಎರಡೂ ಗಾಲಿ ಚೌಕಟ್ಟುಗಳ ಗಾಲಿಗೆ ಮೋಟಾರಿನ ಬಲ ಹೋಗುತ್ತದೆ, ಎಲ್ಲ ಗಾಲಿಗಳೂ ಹಳಿಯಿಂದ ಕರೆಂಟ್ ಎಳೆದುಕೊಳ್ಳುತ್ತವೆ. ಕೈಯಲ್ಲಿ ಎತ್ತಿ ನೋಡಿ, ಭಾರ ಇರಬೇಕು. ನಾನು ಒಮ್ಮೆ ಅಗ್ಗಕ್ಕೆ ಸಿಕ್ಕಿತು ಅಂತ ಸದ್ದಿನ ಇಂಜಿನ್ ತಂದು, ಹಳಿ ಕವಲೊಡೆಯುವ ಕಡೆಯಲ್ಲೆಲ್ಲ ಅದು ಉಸಿರು ಕಟ್ಟಿದ ಹಾಗೆ ಸುಮ್ಮನಾಗಿ, ಮತ್ತೆ ಮೊದಲಿನಿಂದ ಸ್ಟಾರ್ಟ್ ಆಗುವುದನ್ನು ನೋಡಿ ನೋಡಿ ಸಾಕಾಗಿ ಅಟ್ಟಕ್ಕೆ ಹಾಕಿದ್ದೇನೆ.

ಇನ್ನೊಂದು ಖರ್ಚನ್ನು ಯಾರೂ ಹೇಳುವುದಿಲ್ಲ. ಹಾರ್ನ್, ಬ್ರೇಕ್ ಸದ್ದೆಲ್ಲ ಬೇಕಾದಾಗ ಬರಬೇಕಾದರೆ ಹಳಿಯ ಮೂಲಕ ಡಿಕೋಡರ್‌ಗೆ ಡಿಜಿಟಲ್ ಆಜ್ಞೆ ಕಳಿಸುವ ಡಿಸಿಸಿ ಕಂಟ್ರೋಲರ್ ಬೇಕು. ಹಳಿಗೆ ಕರೆಂಟನ್ನಷ್ಟೇ ಹೆಚ್ಚುಕಮ್ಮಿ ಮಾಡಿ ಕೊಡುವ ಹಳೇ ಡಿಸಿ ಪವರ್‌ಪ್ಯಾಕ್ ಇಟ್ಟುಕೊಂಡು ಸದ್ದಿಗೆ ದುಡ್ಡು ಸುರಿಯುವುದು ದಂಡ.

ಕೊನೆಗೆ, ನಿಮಗೆ ಬೇಕಾಗಿರುವುದು ಯಾವ ಸದ್ದು? ಹಳೇ ಡಬ್ಲ್ಯೂಡಿಎಂ-2 ರೈಲು ಇಂಜಿನ್ ಗುಡುಗುಡು ಅನ್ನುತ್ತಿತ್ತಲ್ವಾ, ಅದರೊಳಗಿನ ಡೀಸೆಲ್ ಯಂತ್ರ ಆಲ್ಕೋ 251, ನಾಲ್ಕು ಸ್ಟ್ರೋಕಿನದು. ಹುಬ್ಬಳ್ಳಿ ಶೆಡ್‌ನಿಂದ ಬರುತ್ತಿದ್ದ ಡಬ್ಲ್ಯೂಡಿಜಿ-4 ಒಳಗಿರುವುದು ಇಎಂಡಿ 710, ಎರಡು ಸ್ಟ್ರೋಕಿನದು, ಒಂದೇ ಸಮ ಮೊರೆಯುತ್ತದೆ. ಅಮೆರಿಕದ ಎಸ್‌ಡಿ70ಮ್ಯಾಕ್ ರೈಲು ಇಂಜಿನ್‌ನಲ್ಲೂ ಇರುವುದು ಈ 710. ಹಾಗಾಗಿ ಅದರ ಮಾಡೆಲ್ ಕೊಂಡರೆ ಮೈ ಬೇರೆಯಾದರೂ ದನಿ ನಮ್ಮದೇ. ಆಲ್ಕೋ ಬೇಕಿದ್ದರೆ 251ರ ಸದ್ದು ತುಂಬಿದ ಡಿಕೋಡರ್ ಕೇಳಿ ಹಾಕಿಸಿ. ಆದರೆ ಒಂದು ಮಾತು, ಬೆರಳ ತುದಿಯಷ್ಟು ಸ್ಪೀಕರಿನಿಂದ ಪ್ಲಾಟ್‌ಫಾರಂ ನಡುಗುವ ಆ ದಪ್ಪ ಸದ್ದು ಬರುವುದಿಲ್ಲ. ಅದಕ್ಕೆ ಚಿಕ್ಕಜಾಜೂರು ಜಂಕ್ಷನ್‌ಗೆ ಹೋಗಿ ಕೂರಿ, ಯಾವುದಾದರೂ ಡೀಸೆಲ್ ಗೂಡ್ಸ್ ಬಂದರೆ ನಿಮ್ಮ ಅದೃಷ್ಟ.